ಕರಟದ ಕಾಫಿ

ಕೆಂಪು ಶಾಯಿಯಲ್ಲಿ ಬರೆದ ಎರಡು ಪದ ಈ ವಾರವಿಡೀ ನನ್ನನ್ನು ಕೆರಳಿಸಿವೆ: 'ವಿಷಯಕ್ಕೆ ಸಂಬಂಧವಿಲ್ಲ'.

ಬರೆದವರು ಒಬ್ಬ ಮೇಷ್ಟ್ರು. ಬರೆಸಿಕೊಂಡವಳು ಆಲೂರು ಕಡೆಯ ಕಾಫಿ ತೋಟವೊಂದರ ಕೂಲಿ ಲೈನಿನಲ್ಲಿರುವ ಹತ್ತನೇ ತರಗತಿಯ ಹುಡುಗಿ. ನಮ್ಮ ಹಿತ್ತಲಿನ ಮೆಣಸು ಕೊಯ್ಯಲು ಬಂದ ಅವಳ ಅಪ್ಪ ಏಣಿ ಹತ್ತುವ ಮೊದಲೇ ಪ್ಲಾಸ್ಟಿಕ್ ಕವರಿನಿಂದ ಮಗಳ ನೋಟ್‌ಬುಕ್ ತೆಗೆದು ನನ್ನ ಕೈಗಿಟ್ಟ. "ಪೇಪರಿಗೆ ಬರೀತೀರಲ್ಲ ಸಾರ್, ಇದ್ರಲ್ಲಿ ತಪ್ಪೇನು ಅಂತ ಒಂದ್ಸಲ ನೋಡಿ. ಎರಡು ದಿನದಿಂದ ಹುಡುಗಿ ಸರಿಯಾಗಿ ಉಂಡಿಲ್ಲ" ಅಂದ.

ಇತಿಹಾಸದ ತರಗತಿಯಲ್ಲಿ ಕೊಟ್ಟ ವಿಷಯ 'ಯುದ್ಧ, ಪ್ರತಿಭಟನೆ, ನಾಗರಿಕ ಹಕ್ಕು: ನನ್ನ ಅನಿಸಿಕೆ'. ಹುಡುಗಿ ಮೂರು ಪುಟ ಬರೆದಿದ್ದಾಳೆ. ಮೊದಲ ಪುಟದಲ್ಲಿ ಮಂಜರಾಬಾದ್ ಕೋಟೆ. ಶಾಲೆಯಿಂದ ಕರೆದುಕೊಂಡು ಹೋಗಿದ್ದಾಗ ಎಲ್ಲರೂ ನಕ್ಷತ್ರದ ಎಂಟು ಮೂಲೆ ಎಣಿಸಿದರಂತೆ. ಇವಳಿಗೆ ಮಾತ್ರ ಕಲ್ಲು ಹೊತ್ತವರ ಯೋಚನೆ ಬಂತಂತೆ. ಬರಿಗೈಯಲ್ಲಿ ಗುಡ್ಡ ಹತ್ತಿದ ತನಗೇ ಏದುಸಿರು ಬಂದಿತ್ತು ಎಂದು ಬರೆದಿದ್ದಾಳೆ. ಎರಡನೇ ಪುಟದಲ್ಲಿ, ಕಾಡಾನೆ ತುಳಿದು ಸತ್ತ ಆಳಿನ ಶವ ಇಟ್ಟುಕೊಂಡು ಜನ ರಸ್ತೆಯಲ್ಲಿ ಕೂತದ್ದು, ಅವರ ನಡುವೆ ಅವಳ ಅಪ್ಪನೂ ಇದ್ದದ್ದು. ಮೂರನೆಯದರಲ್ಲಿ ಅಜ್ಜಿ. ಲಂಗ ಉಡುವ ವಯಸ್ಸಿನಿಂದ ಕಾಫಿ ಹಣ್ಣು ಕೊಯ್ದ ಅಜ್ಜಿಗೆ ಪೇಟೆಯ ಹೋಟೆಲಿನವರು ಕಾಫಿ ಕೊಡುತ್ತಿದ್ದದ್ದು ತೆಂಗಿನ ಕರಟದಲ್ಲಿ. ಅದೂ ಹೊರಗೆ ನಿಲ್ಲಿಸಿ, ಮೇಲಿನಿಂದ ಹುಯ್ದು. ಕೊನೆಯಲ್ಲಿ ಒಂದು ಪ್ರಶ್ನೆ: ನಮ್ಮೂರಿನವರು ಕೂತ ಧರಣಿ ಪಾಠವಾಗಲು ಎಷ್ಟು ವರ್ಷ ಬೇಕು?

ಎರಡನೇ ಮತ್ತು ಮೂರನೇ ಪುಟದ ಮೇಲೆ ಓರೆಯಾಗಿ ಗೀಟು. ಹತ್ತಕ್ಕೆ ನಾಲ್ಕು ಅಂಕ. ನಾಗರಿಕ ಹಕ್ಕು ಅಂದರೆ ಅಮೆರಿಕದ ಕರಿಯರ ಹೋರಾಟ, ಅದನ್ನು ಬರೆಯಬೇಕಿತ್ತು ಎಂದು ತರಗತಿಯಲ್ಲಿ ಎಲ್ಲರೆದುರು ಹೇಳಿದರಂತೆ. 'ನನ್ನ ಅನಿಸಿಕೆ' ಎಂದು ಕೇಳಿದವರೂ ಅವರೇ.

ಆಗಲಿ, ಅಮೆರಿಕಕ್ಕೇ ಹೋಗೋಣ. 1955ರ ಮಾರ್ಚ್ 2ರಂದು ಮಾಂಟ್‌ಗೊಮರಿ ಊರಿನ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡಲು ಒಪ್ಪದೆ ಬಂಧನಕ್ಕೆ ಒಳಗಾದವಳು ಕ್ಲಾಡೆಟ್ ಕಾಲ್ವಿನ್ ಎಂಬ ಶಾಲಾ ಹುಡುಗಿ. ವಯಸ್ಸು ಹದಿನೈದು. ನಮ್ಮ ಮಕ್ಕಳು ಬಾಯಿಪಾಠ ಮಾಡುವ ರೋಸಾ ಪಾರ್ಕ್ಸ್ ಹೆಸರು ಬರುವುದು ಅದಾದ ಒಂಬತ್ತು ತಿಂಗಳ ಮೇಲೆ. ಆ ಹುಡುಗಿಗೆ ಧೈರ್ಯ ಎಲ್ಲಿಂದ ಬಂತು? ಹಿಂದಿನ ತಿಂಗಳಷ್ಟೇ ಶಾಲೆಯಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡಿದ ಕಪ್ಪು ಹೆಣ್ಣುಮಕ್ಕಳ ಪಾಠ ಆಗಿತ್ತು. ಬಸ್ಸಿನಲ್ಲಿ ಆ ಹೊತ್ತಿಗೆ ಆ ಪಾಠದ ಹ್ಯಾರಿಯೆಟ್ ಟಬ್‌ಮನ್, ಸೋಜರ್ನರ್ ಟ್ರೂತ್ ಇಬ್ಬರೂ ನನ್ನ ಹೆಗಲ ಮೇಲೆ ಕೈಯಿಟ್ಟು ಕೂರಿಸಿದ ಹಾಗಿತ್ತು ಎಂದು ಅವಳು ಮುಂದೆ ನೆನಪಿಸಿಕೊಂಡಿದ್ದಾಳೆ. ಅವಳ ಮೇಷ್ಟ್ರುಗಳು ಅವಳದೇ ಜನರ ಕತೆ ಹೇಳಿದ್ದರು. ಅದರ ಮೇಲೆ ಗೀಟು ಎಳೆದಿರಲಿಲ್ಲ. ಬಸ್ಸಿನ ಭೇದಭಾವವನ್ನು ಕೊನೆಗೆ ಕೋರ್ಟಿನಲ್ಲಿ ಮುರಿದ ಮೊಕದ್ದಮೆಯ ಅರ್ಜಿದಾರರಲ್ಲಿ ಅವಳೂ ಒಬ್ಬಳು.

ಅದೇ 1955ರಲ್ಲಿ ನಮ್ಮ ಸಂಸತ್ತು ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯನ್ನು ಜಾರಿಗೆ ತಂತು. ಹೋಟೆಲು, ಬಾವಿ, ದೇವಸ್ಥಾನದಲ್ಲಿ ಜಾತಿಯ ಕಾರಣಕ್ಕೆ ತಡೆದರೆ ಶಿಕ್ಷೆ. 1976ರಲ್ಲಿ ಅದನ್ನು ಬಿಗಿಗೊಳಿಸಿ ಹೊಸ ಹೆಸರಿಟ್ಟರು. ಏನೆಂದು ಬಲ್ಲಿರಾ? ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ! ಕರ್ನಾಟಕದ ಪೊಲೀಸ್ ಇಲಾಖೆಯಲ್ಲಿ 1974ರಿಂದ ಒಂದು ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯವೇ ಇದೆ. ಅದು ಇರುವುದು ಅಮೆರಿಕದ ಕರಿಯರಿಗಲ್ಲ, ಪರಿಶಿಷ್ಟ ಜಾತಿ-ಪಂಗಡದ ನಮ್ಮ ಜನಕ್ಕೆ. ಈ ದೇಶದ ಕಾನೂನಿನ ಭಾಷೆಯಲ್ಲಿ 'ನಾಗರಿಕ ಹಕ್ಕು' ಎಂದರೆ ಮೊದಲ ಅರ್ಥವೇ ಆ ಅಜ್ಜಿಯ ಕೈಗೆ ಕರಟದ ಬದಲು ಲೋಟ ಸಿಗಬೇಕು ಎಂಬುದು. ವಿಷಯಕ್ಕೆ ಇದಕ್ಕಿಂತ ಹತ್ತಿರ ಬರೆಯಲು ಯಾರಿಂದಲಾದರೂ ಸಾಧ್ಯವೇ?

ಯುದ್ಧದ ಪಾಠವೂ ಹೀಗೇ. ಮಂಜರಾಬಾದ್ ಎಂದರೆ ಟಿಪ್ಪು, 1792, ನಕ್ಷತ್ರ, ಮಂಜು, ಅಲ್ಲಿಗೆ ಮುಗಿಯಿತು. ಟಿಪ್ಪು ಸತ್ತ ಮೇಲೂ ಈ ಬಲಂ ಸೀಮೆ ಕಂಪನಿ ಸರ್ಕಾರಕ್ಕೆ ತಲೆಬಾಗಲಿಲ್ಲ. 1802ರ ಜನವರಿಯಲ್ಲಿ ಆರ್ಥರ್ ವೆಲ್ಲೆಸ್ಲಿ ಸೈನ್ಯದೊಂದಿಗೆ ಈ ಕಾಡಿಗೆ ನುಗ್ಗಿ, ಅರಕೆರೆಯ ಕೋಟೆ ಹಿಡಿದು, ಕಾಡು ಕಡಿಸಿ ದಾರಿ ಮಾಡಿಸಿದ. ಪಾಳೆಯಗಾರನನ್ನು ಹಿಡಿದು ಗಲ್ಲಿಗೆ ಹಾಕಿದರು. ಹದಿಮೂರು ವರ್ಷದ ನಂತರ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಇದೇ ಮನುಷ್ಯ. ವಾಟರ್ಲೂ ಇಸವಿ ಕೇಳಿದರೆ ನಮ್ಮ ಮಕ್ಕಳು ಥಟ್ಟನೆ ಹೇಳುತ್ತಾರೆ. ಅವನು ತಮ್ಮ ಹಿತ್ತಲಿಗೇ ಬಂದು ನೇಣು ಹಾಕಿಸಿ ಹೋದದ್ದನ್ನು ಅವರಿಗೆ ಹೇಳಿದವರಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ಹಳೆಯ ಹುಣ್ಣಿಗೆ ಬರುತ್ತೇನೆ. ಈ ಅಂಕಣ ಓದುವವರಿಗೆ ಇದು ಹೊಸದಲ್ಲ. ಆದರೂ ಮತ್ತೆ ಹೇಳುತ್ತೇನೆ, ಯಾಕೆಂದರೆ ಪಾಠದಲ್ಲಿ ಇನ್ನೂ ಬಂದಿಲ್ಲ. 'ಉಳುವವನೇ ಹೊಲದೊಡೆಯ' ಎಂದು ಕಲಿಸುತ್ತೇವೆ. ದೇವರಾಜ ಅರಸು, 1974, ಎರಡು ಅಂಕ. ಅರಸರ ಮೇಲೆ ನನಗಿರುವ ಗೌರವ ಸಣ್ಣದಲ್ಲ. ಫಾರಂ ನಂಬರ್ 7 ತುಂಬಿಕೊಂಡು ಭೂ ನ್ಯಾಯಮಂಡಳಿ ಮುಂದೆ ನಿಂತ ಗೇಣಿದಾರರು ಗದ್ದೆಯ ಒಡೆಯರಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಕಾಫಿ, ಟೀ, ಏಲಕ್ಕಿ, ಮೆಣಸು, ರಬ್ಬರಿನ ತೋಟಗಳಿಗೆ ಭೂಮಿತಿ ಅನ್ವಯಿಸಲಿಲ್ಲ. ತೋಟದ ಆಳು ಗೇಣಿದಾರನೂ ಅಲ್ಲ, ದಿನಗೂಲಿಯವನು. ಅವನ ಪಾಲಿಗೆ ಫಾರಂ 7 ಇರಲೇ ಇಲ್ಲ. ಗದ್ದೆ ಬಯಲಿನ ಕೆಲವರಾದರೂ ಪಹಣಿಯಲ್ಲಿ ಹೆಸರು ಕಂಡರು. ಮೇಲಿನ ತೋಟದಲ್ಲಿ ತಲೆಮಾರುಗಟ್ಟಲೆ ಗುಂಡಿ ತೆಗೆದವರು, ನೆರಳಿನ ಮರ ಸವರಿ ಮರಗಸಿ ಮಾಡಿದವರು, ಸೊಂಟಕ್ಕೆ ಚೀಲ ಕಟ್ಟಿ ಹಣ್ಣು ಕೊಯ್ದವರು ಲೈನಿನಲ್ಲೇ ಉಳಿದರು.

ಲೈನ್ ಅಂದರೆ ಏನೆಂದು ಬೆಂಗಳೂರಿನ ಓದುಗರಿಗೆ ಹೇಳಬೇಕಾದೀತು. ಸಾಲಾಗಿ ಕಟ್ಟಿದ ಒಂಟಿ ಕೋಣೆಗಳು, ಮುಂದೊಂದು ಜಗಲಿ, ಗೋಡೆ ಪಕ್ಕದ ಮನೆಯವರದೂ ಹೌದು. 1951ರ ತೋಟ ಕಾರ್ಮಿಕರ ಕಾಯ್ದೆ ಮನೆ ಕೊಡುವ ಹೊಣೆಯನ್ನು ಮಾಲೀಕರಿಗೆ ಹೊರಿಸಿತು. ಒಳ್ಳೆಯದೇ. ಆದರೆ ಆ ಮನೆ ಕೆಲಸಕ್ಕೆ ಕಟ್ಟಿಹಾಕಿದ ಮನೆ. ಕೆಲಸ ಬಿಟ್ಟ ದಿನ ಸೂರು ಹೋಗುತ್ತದೆ, ರೇಷನ್ ಕಾರ್ಡಿನ ವಿಳಾಸ ಹೋಗುತ್ತದೆ, ಮಕ್ಕಳ ಶಾಲೆ ಹೋಗುತ್ತದೆ. ಹೀಗಿರುವವನು ಒಂದು ದಿನ ಕೂಲಿ ಬಿಟ್ಟು ರಸ್ತೆಯಲ್ಲಿ ಕೂರುವುದಕ್ಕೂ ಪೇಟೆಯವರು ಭಾನುವಾರ ಫಲಕ ಹಿಡಿದು ನಿಲ್ಲುವುದಕ್ಕೂ ಅಜಗಜಾಂತರ. ಹುಡುಗಿಯ ಅಪ್ಪ ಅವತ್ತು ರಸ್ತೆಯಲ್ಲಿ ಕೂರುವಾಗ ಸಂಜೆ ತೋಟದ ಲೆಕ್ಕ ಬರೆಯುವ ರೈಟರ್ ಏನನ್ನಬಹುದು ಎಂಬ ಹೆದರಿಕೆಯನ್ನೂ ಪಕ್ಕದಲ್ಲಿ ಕೂರಿಸಿಕೊಂಡಿದ್ದ. ಸತ್ತವನಿಗೆ ಪರಿಹಾರ ಬೇಕಿತ್ತು, ಉಳಿದವರಿಗೆ ನಾಳೆ ಬೆಳಿಗ್ಗೆ ತೋಟಕ್ಕೆ ಹೋಗಲು ಧೈರ್ಯ ಬೇಕಿತ್ತು. 2023ರ ಡಿಸೆಂಬರಿನಲ್ಲಿ ಯಸಳೂರು ಕಡೆ ಕಾಡಾನೆ ಕಾರ್ಯಾಚರಣೆಯಲ್ಲಿ ದಸರಾ ಆನೆ ಅರ್ಜುನ ಸತ್ತಾಗ ನಾಡೇ ಅತ್ತಿತು. ನಾನೂ ಅತ್ತಿದ್ದೇನೆ. ಅದೇ ಕಾಡಂಚಿನಲ್ಲಿ ಆನೆ ಕಾಲಿಗೆ ಸಿಕ್ಕ ಕೂಲಿಯವರಲ್ಲಿ ಒಬ್ಬರ ಹೆಸರಾದರೂ ನಿಮಗೆ ನೆನಪಿದೆಯೇ?

ಪಠ್ಯಪುಸ್ತಕಕ್ಕೆ ಪ್ರತಿಭಟನೆಯೆಂದರೆ ಮೊದಲಿಂದಲೂ ಒಂದು ಅಂಜಿಕೆ. ಹತ್ತನೇ ತರಗತಿಯ ಸಮಾಜಶಾಸ್ತ್ರದ 'ಸಾಮೂಹಿಕ ವರ್ತನೆ ಮತ್ತು ಪ್ರತಿಭಟನೆಗಳು' ಪಾಠವನ್ನು ತೆಗೆದು ನೋಡಿದೆ. ಜನಮಂದೆ, ದೊಂಬಿ, ಅದೇ ಸಾಲಿನಲ್ಲಿ ಚಿಪ್ಕೊ, ಅಪ್ಪಿಕೊ, ನರ್ಮದಾ. ಮರ ತಬ್ಬಿ ನಿಂತ ಹೆಂಗಸರನ್ನೂ ಅಂಗಡಿಗೆ ಬೆಂಕಿ ಹಚ್ಚುವವರನ್ನೂ ಒಂದೇ ಪಾಠದೊಳಗೆ ಕೂಡಿಹಾಕಿದರೆ ಮೇಷ್ಟ್ರ ಕೈಗೆ ಕೆಂಪು ಪೆನ್ನು ಬಾರದೆ ಇನ್ನೇನು ಬಂದೀತು?

ಪ್ರತಿಭಟನೆ ಇತಿಹಾಸವಾದದ್ದೂ ಉಂಟು. ಮೈಸೂರಿಗೆ ಹೋದವರೆಲ್ಲ ರಾಮಸ್ವಾಮಿ ವೃತ್ತ ದಾಟಿರುತ್ತಾರೆ. ಆ ರಾಮಸ್ವಾಮಿ ಒಬ್ಬ ವಿದ್ಯಾರ್ಥಿ. 1947ರ ಸೆಪ್ಟೆಂಬರಿನಲ್ಲಿ, ಅಂದರೆ ಆಗಸ್ಟ್ 15 ಕಳೆದ ಮೇಲೆ, ಜವಾಬ್ದಾರಿ ಸರ್ಕಾರ ಬೇಕೆಂಬ ಮೈಸೂರು ಚಲೋ ಚಳವಳಿಯಲ್ಲಿ ಗುಂಡಿಗೆ ಬಲಿಯಾದವನು. ನಮ್ಮ ಸಕಲೇಶಪುರ, ಆಲೂರೂ ಆಗ ಅದೇ ಸಂಸ್ಥಾನದ ಊರುಗಳು. ದೇಶ ಸ್ವತಂತ್ರವಾದರೂ ಇಲ್ಲಿ ಮಹಾರಾಜರ ಆಳ್ವಿಕೆ ನಿಂತಿರಲಿಲ್ಲ. ಮಕ್ಕಳು ತರಗತಿ ಬಿಟ್ಟು ಬೀದಿಗಿಳಿದರು, ಅಕ್ಟೋಬರ್ 25ಕ್ಕೆ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಅವತ್ತು ರಾಮಸ್ವಾಮಿಯ ಮೇಷ್ಟ್ರೂ ಇದು ವಿಷಯಕ್ಕೆ ಸಂಬಂಧವಿಲ್ಲ ಎಂದಿರಬಹುದು. ಇವತ್ತು ಅವನ ಹೆಸರಿನ ವೃತ್ತದಲ್ಲಿ ಬಸ್ಸು ನಿಲ್ಲುತ್ತದೆ.

ಮೇಷ್ಟ್ರಿಗೂ ಅವರ ಕಷ್ಟ ಇರುತ್ತದೆ ಎಂದು ಕೆಲವರು ಫೋನಿನಲ್ಲಿ ಸಮಾಧಾನ ಹೇಳಿದರು. ಶೇಕಡಾವಾರು ಫಲಿತಾಂಶ, ಮೇಲಿನವರ ಒತ್ತಡ, ಪಠ್ಯದ ಹೊರಗೆ ಹೋದರೆ ನೋಟಿಸು. 2022ರಿಂದ ಸರ್ಕಾರ ಬದಲಾದ ಹಾಗೆಲ್ಲ ಪಾಠ ತೆಗೆದು, ಪಾಠ ಹಾಕಿ ಅವರನ್ನು ಹೈರಾಣ ಮಾಡಿದ್ದೂ ನಿಜ. ಒಪ್ಪಿದೆ. ಆದರೆ ಹದಿನೈದರ ಹುಡುಗಿ ತನ್ನ ಅಜ್ಜಿಯ ಅವಮಾನವನ್ನು ಮೊದಲ ಸಲ ಅಕ್ಷರಕ್ಕೆ ಇಳಿಸಿದ್ದಾಳೆ. ಅದರ ಮೇಲೆ ಗೀಟು ಎಳೆಯಿರಿ ಎಂದು ಯಾವ ಸುತ್ತೋಲೆಯೂ ಹೇಳಿಲ್ಲ. ಆ ಗೀಟು ಅವರದೇ.

ನೋಟ್‌ಬುಕ್ ವಾಪಸು ಕೊಡುವಾಗ ತಪ್ಪೇನೂ ಇಲ್ಲ ಎಂದೆ. ಹುಡುಗಿಯ ಅಪ್ಪ ತಲೆಯಾಡಿಸಿ ಏಣಿ ಹತ್ತಿದ. ಮೇಷ್ಟ್ರಿಗೆ ಹೇಳುವುದು ಇಷ್ಟೇ: ಅಜ್ಜಿ ಇನ್ನೂ ಲೈನಿನಲ್ಲೇ ಇದ್ದಾರೆ, ಶಾಲೆಯಿಂದ ಬಹಳ ದೂರವೂ ಅಲ್ಲ. ಒಂದು ಸಂಜೆ ಹೋಗಿ ಬನ್ನಿ. ಅವರು ಕಾಫಿ ಕಾಸಿ, ಲೋಟದಲ್ಲೇ ಕೊಡುತ್ತಾರೆ. ನೀವು ಅದನ್ನು ಕುಡಿಯುತ್ತೀರೋ ಇಲ್ಲವೋ, ಮೊಮ್ಮಗಳು ನೋಡುತ್ತಿರುತ್ತಾಳೆ.