ಕಲ್ಲಿನ ಮೇಲಿದ್ದ ಲೆಕ್ಕ ಕಾಗದಕ್ಕೇಕೆ ಇಳಿಯದು?

ಮುಂಬಯಿ, ಪುಣೆ, ಹೈದರಾಬಾದುಗಳ ಕನ್ನಡ ಜೈನ ಸಂಘಗಳ ವಾರ್ಷಿಕ ಸಭೆಗಳಲ್ಲಿ ಒಂದು ಮಾತು ಆಗಾಗ ಕೇಳಿಬರುತ್ತದೆ: “ನಾವು ಕೊಡುವವರು, ಬೇಡುವವರಲ್ಲ.” ಮಾತಿಗೆ ಚಪ್ಪಾಳೆಯೂ ಬೀಳುತ್ತದೆ. ಅದೇ ಸಭೆಯ ಕೊನೆಯಲ್ಲಿ, ಊರಿನಿಂದ ಓದಲು ಬರುವ ಹೆಣ್ಣುಮಕ್ಕಳಿಗೊಂದು ವಸತಿಗೃಹ ಬೇಕೆಂಬ ವಿಷಯ ಏಳುತ್ತದೆ. ಹಣವಿಲ್ಲವೆಂಬ ಕಾರಣಕ್ಕೆ ಮುಂದಿನ ವರ್ಷಕ್ಕೆ ತಳ್ಳಲ್ಪಡುತ್ತದೆ. ಬೆಳಗಾವಿ ಸೀಮೆಯ ಹಳ್ಳಿಯಿಂದ ಬಂದ ಹುಡುಗಿ ಆ ವರ್ಷವೂ ಬಾಡಿಗೆ ಕೋಣೆಯಲ್ಲಿ, ಸೂರ್ಯಾಸ್ತದೊಳಗೆ ಊಟ ದೊರೆಯದ ಕಡೆ, ಅವಲಕ್ಕಿ ತಿಂದು ವ್ರತ ಉಳಿಸಿಕೊಳ್ಳುತ್ತಾಳೆ. ಕಂಪನಿಗಳ ಸಿ.ಎಸ್.ಆರ್. ನಿಧಿಗೆ ಅರ್ಜಿ ಹಾಕೋಣವೆಂದು ಯುವಕನೊಬ್ಬ ಎದ್ದು ನಿಂತರೆ ಸಿಗುವ ಉತ್ತರ ಮತ್ತೆ ಅದೇ: ನಾವು ಬೇಡುವವರಲ್ಲ.

ಈ ಅಭಿಮಾನವನ್ನು ಪರೀಕ್ಷಿಸಬೇಕಾದ ಕಾಲ ಬಂದಿದೆ. 2013ರ ಕಂಪನಿ ಕಾಯಿದೆಯ 135ನೆಯ ಕಲಮಿನಂತೆ, 500 ಕೋಟಿ ರೂಪಾಯಿ ನಿವ್ವಳ ಸಂಪತ್ತು, 1000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚಮಾಡಲೇಬೇಕು. ಇದು ಭಿಕ್ಷೆಯಲ್ಲ, ಕಂಪನಿಯ ಮೇಲಿರುವ ಋಣ. ಆ ಕಾಯಿದೆಯ ಏಳನೆಯ ಅನುಸೂಚಿಯಲ್ಲಿ ಶಿಕ್ಷಣವಿದೆ. ಮಹಿಳೆಯರ ವಸತಿಗೃಹ ಎಂಬುದು ಹೆಸರಿಟ್ಟೇ ಇದೆ. ಅಲ್ಪಸಂಖ್ಯಾತರೆಂಬ ಮಾನ್ಯತೆಗಾಗಿ ವರ್ಷಾನುವರ್ಷ ಮನವಿ ಸಲ್ಲಿಸಿ, 2014ರ ಜನವರಿಯಲ್ಲಿ ಕೇಂದ್ರ ಸರಕಾರದಿಂದ ಅದನ್ನು ಪಡೆದ ಸಮಾಜಕ್ಕೆ ಮನವಿ ಎಂಬುದೇ ಅವಮಾನವೆನಿಸುವುದು ಹೇಗೆ?

ಅವಮಾನದ ಮಾತು ನೆಪ. ಅಡ್ಡಿಯಿರುವುದು ಅರ್ಜಿ ಕೇಳುವ ಪ್ರಶ್ನೆಗಳಲ್ಲಿ. ಹೊರಗಿನ ಸಂಸ್ಥೆಯೊಂದು ಸಿ.ಎಸ್.ಆರ್. ಹಣ ಪಡೆಯಬೇಕಾದರೆ ಅದಕ್ಕೆ 12ಎ ನೋಂದಣಿ, 80ಜಿ ಮಾನ್ಯತೆ, ಕನಿಷ್ಠ ಮೂರು ವರ್ಷಗಳ ಕಾರ್ಯಾನುಭವ ಇರಬೇಕು. 2021ರ ಏಪ್ರಿಲ್‌ನಿಂದ ಸಿ.ಎಸ್.ಆರ್.-1 ನಮೂನೆಯಲ್ಲಿ ಸರಕಾರದ ಬಳಿ ಹೆಸರು ದಾಖಲಾಗಿರಬೇಕು. 80ಜಿ ಎಂದೇ ಪರಿಚಿತವಾದ ನಿಯಮವಾದರೂ ಏನು ಹೇಳುತ್ತದೆ? ಒಂದು ಧರ್ಮದ ಅಥವಾ ಜಾತಿಯ ಹಿತಕ್ಕೆಂದೇ ಬರೆದುಕೊಂಡ ಸಂಸ್ಥೆಗೆ ಆ ಮಾನ್ಯತೆ ಇಲ್ಲ. ಆದಾಯದ ಶೇ. 5ಕ್ಕಿಂತ ಹೆಚ್ಚನ್ನು ಧಾರ್ಮಿಕ ಕಾರ್ಯಕ್ಕೆ ಬಳಸುವ ಸಂಸ್ಥೆಗೂ ಇಲ್ಲ. ಈಗ ಸಂಘದ ಕಪಾಟು ತೆರೆದು ನ್ಯಾಸಪತ್ರವನ್ನು ಓದಿರಿ. “ಸಮಾಜ ಬಾಂಧವರಿಗೆ ಮಾತ್ರ” ಎಂಬ ಸಾಲು ಅಲ್ಲಿದ್ದರೆ ಅರ್ಜಿ ಅಲ್ಲಿಗೇ ಸತ್ತಿತು. ಪಂಚಮ, ಚತುರ್ಥ, ಬೋಗಾರ, ಉಪಾಧ್ಯಾಯ ಎಂಬ ಒಳಗೋಡೆಯೂ ಇದ್ದರೆ, ಜಿನಶಾಸನ ಎಂದೂ ಹೇಳದ ಭೇದಕ್ಕಾಗಿ ಮಕ್ಕಳ ಸೂರು ಹೋಯಿತು. ಪೂಜೆ, ರಥೋತ್ಸವ, ಪಂಚಕಲ್ಯಾಣದ ಸವಾಲು, ವಿದ್ಯಾರ್ಥಿವೇತನ ಎಲ್ಲವೂ ಒಂದೇ ಖಾತೆಯಲ್ಲಿ ಕಲಸಿಹೋಗಿದ್ದರೆ ಯಾವ ಲೆಕ್ಕಪರಿಶೋಧಕನೂ ಅದನ್ನು ಬಿಡಿಸಿಕೊಡಲಾರ.

ಅರ್ಜಿ ಬರೆಯಬಲ್ಲವರು ಸಮಾಜದಲ್ಲಿಲ್ಲ ಎಂಬ ಮಾತನ್ನು ನಂಬುವಂತಿಲ್ಲ. ಪೇಟೆಯಲ್ಲಿ ಪರರ ಲೆಕ್ಕ ಬರೆದು ಬಾಳುವವರು ನಮ್ಮಲ್ಲಿ ಮನೆಮನೆಗೂ ಇದ್ದಾರೆ. ಬೇರೆಯವರ ಖಾತೆಯಲ್ಲಿ ಕಾಸಿಗೆ ಕಾಸು ತಾಳೆ ನೋಡುವ ಕೈ ತನ್ನ ಬಸದಿಯ ಖಾತೆಯ ಮುಂದೆ ಏಕೆ ತಡವರಿಸುತ್ತದೆ? ತಂದೆಯಿಂದ ಮಗನಿಗೆ ಇಳಿಯುವ ಪದವಿಗಳಿಗೆ ಮೂರು ವರ್ಷದ ಪರಿಶೋಧಿತ ಲೆಕ್ಕವೆಂದರೆ ಭಯ. ಸರಕಾರ ಅಲ್ಪಸಂಖ್ಯಾತರಲ್ಲಿ ಜೈನರನ್ನು ಮರೆತಿದೆ ಎಂದು ವೇದಿಕೆಯಿಂದ ಗುಡುಗುವ ಮುಖಂಡರು, ಸರಕಾರ ಕೇಳುವ ಕಾಗದಗಳು ತಮ್ಮ ಬಳಿ ಎಷ್ಟಿವೆಯೆಂದು ಮೊದಲು ಹೇಳಲಿ.

ಇನ್ನೊಂದು ದಾರಿಯೂ ತೆರೆದುಕೊಂಡಿದೆ. ಅದು ಇದಕ್ಕಿಂತ ಕೆಟ್ಟದ್ದು. ಮಂಜೂರಾದ ಹಣದಲ್ಲಿ ಪಾಲು ಕೊಟ್ಟರೆ ಅರ್ಜಿಯನ್ನೂ ತಾನೇ ಬರೆದು, ಇಪ್ಪತ್ತು ಮಕ್ಕಳನ್ನು ಇನ್ನೂರು ಮಾಡಿ ತೋರಿಸುವ ದಲ್ಲಾಳಿಯ ದಾರಿ. ಎಲ್ಲರೂ ಮಾಡುತ್ತಾರೆ, ವ್ಯವಹಾರದಲ್ಲಿ ಇದೆಲ್ಲ ಇದ್ದದ್ದೇ ಎನ್ನುವವರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ನೆನೆಯಲಿ. ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದು, ನ್ಯಾಸಾಪಹಾರವೂ ಒಂದು. ಸುಳ್ಳು ಪತ್ರ ಬರೆಯುವುದು, ನಂಬಿ ಇಟ್ಟದ್ದನ್ನು ನುಂಗುವುದು. ಅನುದಾನವೆಂಬುದು ನ್ಯಾಸವೇ. ಪರ್ಯೂಷಣದಲ್ಲಿ ಈ ಸೂತ್ರಗಳ ಪಾರಾಯಣ ಮಾಡಿ, ಮರುವಾರ ಸುಳ್ಳು ಪಟ್ಟಿಗೆ ಸಹಿ ಹಾಕುವ ಕೈ ಯಾವ ಧರ್ಮದ್ದು?

ಗೆಲ್ಲುವ ಅರ್ಜಿಗೆ ಸುಳ್ಳು ಬೇಡ, ಅಲಂಕಾರವೂ ಬೇಡ. “ಸಮಾಜದ ಸರ್ವತೋಮುಖ ಅಭಿವೃದ್ಧಿಗಾಗಿ” ಎಂದು ಬರೆದರೆ ಓದುವವನಿಗೆ ಏನೂ ತಿಳಿಯದು. ಎಷ್ಟು ಹಾಸಿಗೆ, ತಿಂಗಳ ಬಾಡಿಗೆಯೆಷ್ಟು, ಅಡುಗೆಯವಳ ಸಂಬಳವೆಷ್ಟು, ಯಾರನ್ನು ಯಾವ ಕ್ರಮದಲ್ಲಿ ಆರಿಸಲಾಗುವುದು, ಸಂಘವು ತನ್ನ ಕೈಯಿಂದ ಹಾಕುವುದೆಷ್ಟು, ಕಂಪನಿಯ ಹಣ ನಿಂತ ಮೇಲೆ ಮನೆ ನಡೆಯುವುದು ಹೇಗೆ: ಇವಿಷ್ಟಕ್ಕೆ ನೇರ ಉತ್ತರವಿರಬೇಕು. ಸರಕಾರದ ಅನುದಾನವಾದರೆ ಹಣ ಬಳಕೆಯ ಪ್ರಮಾಣಪತ್ರವನ್ನು ಹೊತ್ತಿಗೆ ಸರಿಯಾಗಿ ಸಲ್ಲಿಸಬೇಕು.

ಇದನ್ನು ಪರದೇಶದ ವಿದ್ಯೆ ಎಂದುಕೊಳ್ಳುವವರು ಕರ್ನಾಟಕದ ಹಳೆಯ ಬಸದಿಗಳ ಅಂಗಳಕ್ಕೆ ಹೋಗಿ ನಿಲ್ಲಲಿ. ಅಲ್ಲಿನ ದಾನಶಾಸನಗಳು ಕೊಟ್ಟವರಾರು, ಪಡೆದವರಾರು, ಭೂಮಿ ಎಷ್ಟು ಮತ್ತರು, ಅದರ ಎಲ್ಲೆ ಯಾವುದು, ಉತ್ಪತ್ತಿ ಋಷಿಯರ ಆಹಾರದಾನಕ್ಕೋ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೋ ಎಂಬುದನ್ನು ಹೇಳುತ್ತವೆ. ಹೇಳಿ ಕಪಾಟಿನಲ್ಲಿ ಅಡಗಿ ಕೂರುವುದಿಲ್ಲ; ಹಾದುಹೋಗುವವರೆಲ್ಲ ಓದಲೆಂದು ಬಯಲಲ್ಲಿ ನಿಂತಿವೆ.

ಬಾಗಿಲು ಎಲ್ಲರಿಗೂ ತೆರೆದರೆ ನಮ್ಮ ಮಕ್ಕಳಿಗೆ ಉಳಿಯುವುದೇನು ಎಂದು ಕೆಲವರು ಕೇಳುತ್ತಾರೆ. ಕುಂಭೋಜದ ಜೈನ ಮನೆತನದಲ್ಲಿ ಹುಟ್ಟಿದ ಕರ್ಮವೀರ ಭಾವುರಾವ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದಾಗ ಎಲ್ಲ ಜಾತಿಯ ಹುಡುಗರನ್ನೂ ಒಂದೇ ಸೂರಿನಡಿ ಇಟ್ಟು ಓದಿಸಿದರು. ಮಡದಿ ಲಕ್ಷ್ಮೀಬಾಯಿಯವರ ಒಡವೆ ಆ ಮಕ್ಕಳ ಊಟಕ್ಕೆ ಹೋಯಿತು. ಅದರಿಂದ ಜೈನರಿಗೆ ನಷ್ಟವಾಯಿತೆಂದು ಯಾರು ಹೇಳಬಲ್ಲರು? ಬಾಗಿಲು ತೆರೆದ ಮನೆಯಲ್ಲೂ ಅಡುಗೆ ಸಾತ್ತ್ವಿಕವಾಗಿರಬಹುದು, ಊಟ ಸೂರ್ಯಾಸ್ತದೊಳಗೆ ಮುಗಿಯಬಹುದು.

ಆದ್ದರಿಂದ ಮಾಡಬೇಕಾದದ್ದು ಸ್ಪಷ್ಟ. ಬಸದಿಯ ನ್ಯಾಸ ಬಸದಿಗಿರಲಿ. ವಿದ್ಯೆಗೆ ಬೇರೆಯೇ ಸಾರ್ವಜನಿಕ ನ್ಯಾಸವಾಗಲಿ, ಅದರ ಪತ್ರದಲ್ಲಿ ಜಾತಿಯ ಹೆಸರು ಬೇಡ. ಪ್ರತಿ ವರ್ಷದ ಪರಿಶೋಧಿತ ಲೆಕ್ಕ ಸೂಚನಾಫಲಕದ ಮೇಲೆ ಏರಲಿ. ಅರ್ಜಿ ಬರೆಯುವ ಹೊಣೆ ಓದಿದ ಹೆಣ್ಣುಮಕ್ಕಳಿಗೆ, ಅದೂ ವಿಶ್ವಸ್ತ ಮಂಡಳಿಯ ಸದಸ್ಯತ್ವದೊಡನೆ, ದೊರೆಯಲಿ. ಹೊಸ ನ್ಯಾಸಕ್ಕೂ ಮೂರು ವರ್ಷದ ಕಾರ್ಯಾನುಭವ ಬೇಕೇ ಬೇಕು. ಈ ವರ್ಷ ನೋಂದಾಯಿಸಿದರೂ ಈಗ ಪದವಿಯ ಮೊದಲ ವರ್ಷದಲ್ಲಿರುವ ಹುಡುಗಿ ಆ ಹಣ ಬರುವಷ್ಟರಲ್ಲಿ ಓದು ಮುಗಿಸಿರುತ್ತಾಳೆ. ಮುಂದಿನ ಸಭೆಗೆ ತಳ್ಳಿದರೆ ಅವಳ ತಂಗಿಗೂ ಅವಲಕ್ಕಿಯೇ ಗತಿ.