ಕೊಡುವ ಕೆಲಸದ ಉಮೇದುವಾರಿ

ವರಾನ್ವೇಷಣೆಯ ಸಂದರ್ಭದಲ್ಲಿ ಹುಡುಗಿಯ ಉದ್ಯೋಗವೇನೆಂದು ಕೇಳುವ ವಾಡಿಕೆ ಈಗ ಎಲ್ಲ ಮನೆಗಳಲ್ಲೂ ಬಂದುಬಿಟ್ಟಿದೆ. ಬ್ಯಾಂಕು, ಕಂಪ್ಯೂಟರು, ಆಸ್ಪತ್ರೆ, ಶಾಲೆ, ಇವುಗಳಲ್ಲಿ ಯಾವುದನ್ನು ಹೇಳಿದರೂ ಕೇಳಿದವರು ತಲೆದೂಗಿ ಕಾಫಿಯ ಲೋಟವನ್ನು ಎತ್ತಿಕೊಳ್ಳುತ್ತಾರೆ. ಆದರೆ "ನಮ್ಮ ಮಗಳು ಒಂದು ಧರ್ಮಸಂಸ್ಥೆಯಲ್ಲಿ ಹಣ ಕೊಡುವ ಕೆಲಸ ಕಲಿಯುತ್ತಿದ್ದಾಳೆ" ಎಂದು ತಂದೆಯೊಬ್ಬರು ಹೇಳಿದರೆ ಎತ್ತಿದ ಲೋಟ ನಡುದಾರಿಯಲ್ಲಿಯೇ ನಿಲ್ಲುತ್ತದೆ. ಯಾರ ಹಣ? ಯಾರಿಗೆ ಕೊಡುವುದು? ಕೊಡುವುದನ್ನು ಕಲಿಯುವುದಕ್ಕೂ ಸಂಬಳವೇ?

ಪ್ರಶ್ನೆಗಳು ಸಹಜವಾದುವೇ. ಸಿರಿವಂತರೋ ವ್ಯಾಪಾರ ಸಂಸ್ಥೆಗಳೋ ತೆಗೆದಿರಿಸಿದ ಮೂಲಧನದ ಉತ್ಪತ್ತಿಯನ್ನು ಲೋಕಹಿತಕ್ಕೆ ವಿನಿಯೋಗಿಸುವ ಪ್ರತಿಷ್ಠಾನಗಳು ಹಳೆಯವು. ಅವುಗಳೊಳಗೆ ಕಾಡು, ನೀರು, ಮಣ್ಣು, ವನ್ಯಜೀವಿಗಳಿಗೆಂದೇ ಹಣ ಮೀಸಲಿಡುವ ಪದ್ಧತಿ ಅಷ್ಟು ಹಳೆಯದಲ್ಲ. ಆಗತಾನೆ ಪದವಿ ಮುಗಿಸಿದ ತರುಣ ತರುಣಿಯರನ್ನು ಒಂದೆರಡು ವರ್ಷಗಳ ಮಟ್ಟಿಗೆ ಕರೆದುಕೊಂಡು, ವೇತನ ಕೊಟ್ಟು, ಈ ಕೆಲಸವನ್ನು ಕಲಿಸುವ ಫೆಲೋಷಿಪ್ ಎಂಬುದು ಇನ್ನೂ ಹೊಸದು. ಹಿಂದಿನವರ ಮಾತಿನಲ್ಲಿ ಹೇಳುವುದಾದರೆ ಇದೊಂದು ಉಮೇದುವಾರಿ. ವಕೀಲರ ಮನೆಯಲ್ಲಿ ಕಿರಿಯ ವಕೀಲನು ಕಡತ ಹೊರುವಂತೆ ಇಲ್ಲಿಯ ಉಮೇದುವಾರಳೂ ಮೊದಲು ಕಡತವನ್ನೇ ಹೊರುತ್ತಾಳೆ. ಬಂದ ಅರ್ಜಿಗಳನ್ನು ಓದಬೇಕು. ಕೇಳಿದ ಸಂಸ್ಥೆಯ ಲೆಕ್ಕಪತ್ರಗಳನ್ನು ತರಿಸಿ ನೋಡಬೇಕು. ಸ್ಥಳಕ್ಕೆ ಹೋಗಿ, ಬರೆದುದಕ್ಕೂ ಇರುವುದಕ್ಕೂ ಎಷ್ಟು ದೂರವೆಂಬುದನ್ನು ಅಳೆಯಬೇಕು. ಧರ್ಮದರ್ಶಿಗಳು ಕಾಲು ಗಂಟೆಯಲ್ಲಿ ಓದಿ ಮುಗಿಸುವಂಥ ಟಿಪ್ಪಣಿಯನ್ನು ಸಿದ್ಧಪಡಿಸಬೇಕು. ಹಣ ಹೋದ ಮೇಲೆ ವರ್ಷಾಂತ್ಯದ ವರದಿಗಾಗಿ ಕಾಯಬೇಕು. ಇವೆಲ್ಲಕ್ಕಿಂತ ಹೆಚ್ಚಾಗಿ, ಬಂದ ಬಹುಪಾಲು ಅರ್ಜಿಗಳಿಗೆ "ಇಲ್ಲ" ಎಂದು ಮರ್ಯಾದೆಯಿಂದ ಬರೆಯಬೇಕು. ಹಣ ಕೊಡುವ ಕೆಲಸವೆಂದು ಹೊರಗಿನವರು ಹೇಳುವುದು ನಿಜವಾಗಿ ಕೊಡದಿರುವ ಕೆಲಸವೆಂಬುದು ಒಳಹೊಕ್ಕವರಿಗೆ ಮೊದಲ ತಿಂಗಳಲ್ಲಿಯೇ ತಿಳಿಯುತ್ತದೆ.

ಪಾತ್ರಾಪಾತ್ರ ವಿವೇಚನೆ ನಮ್ಮವರಿಗೆ ಹೊಸ ವಿಷಯವಲ್ಲ. ದಾನವು ಸತ್ಪಾತ್ರಕ್ಕೆ ಸಲ್ಲಬೇಕೆಂದು ಧರ್ಮಶಾಸ್ತ್ರಗಳು ಹೇಳಿಯೇ ಇವೆ. ಆದರೆ ದಾನ ಪಡೆಯುವವನು ಎದುರಿಗೆ ಬಂದು ಕೈಯೊಡ್ಡುವವನಾಗಿದ್ದರೆ ಆ ವಿವೇಚನೆ ಹೇಗೋ ನಡೆದೀತು. ಪಾತ್ರವು ಒಂದು ಹೊಳೆಯಾಗಿದ್ದರೆ? ಅರ್ಜಿ ಬರೆಯಲಾರದ ಒಂದು ಕಾನಾಗಿದ್ದರೆ? ಫೆಲೋಷಿಪ್ಪಿನ ಕಷ್ಟವೆಲ್ಲ ಇಲ್ಲಿಂದ ಆರಂಭವಾಗುತ್ತದೆ. ಅದನ್ನು ಕಾಣಬೇಕಾದರೆ ಬೆಂಗಳೂರಿನ ಕಚೇರಿಯನ್ನು ಬಿಟ್ಟು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನ ಮೂರು ತಾಲ್ಲೂಕುಗಳಿಗೆ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಿಗೆ, ಹೋಗಬೇಕು.

ಗಂಗಾಮೂಲದಲ್ಲಿ ಒಟ್ಟಿಗೆ ಹುಟ್ಟಿದ ಎರಡು ನದಿಗಳು ಈ ಸೀಮೆಯನ್ನು ತಮ್ಮೊಳಗೆ ಹಂಚಿಕೊಂಡಿವೆ. ತುಂಗೆ ಕೆರೆಕಟ್ಟೆಯ ಕಾಡನ್ನು ದಾಟಿ, ಶೃಂಗೇರಿಯ ಸೋಪಾನಗಳನ್ನು ತೊಳೆದು, ಕೊಪ್ಪ ತಾಲ್ಲೂಕಿನ ಹರಿಹರಪುರದ ಮೇಲೆ ಹಾದು ತೀರ್ಥಹಳ್ಳಿಯ ಕಡೆಗೆ ಹೊರಡುತ್ತದೆ. ಭದ್ರೆ ಕುದುರೆಮುಖವನ್ನು ಬಳಸಿ, ಬಾಳೆಹೊನ್ನೂರನ್ನು ಕಂಡು, ನರಸಿಂಹರಾಜಪುರದ ಬಳಿ ಲಕ್ಕವಳ್ಳಿಯ ಅಣೆಕಟ್ಟಿನ ಹಿನ್ನೀರಾಗಿ ಹರಡಿಕೊಳ್ಳುತ್ತದೆ. ನಡುವೆ ಅಡಿಕೆ ತೋಟ, ತೋಟದ ಮೇಲ್ಗಡೆ ಸೊಪ್ಪಿನಬೆಟ್ಟ, ಅದರಾಚೆ ಕಾಡು. ಶೃಂಗೇರಿಯ ಮಠದ ಮುಂದೆ ಯಾತ್ರಿಕರು ಎಸೆದ ಮಂಡಕ್ಕಿಗೆ ಮುಗಿಬೀಳುವ ಮೀನುಗಳನ್ನು ಕಾಣದ ಕನ್ನಡಿಗರು ವಿರಳ. ಆ ಮಡುವಿನ ಮೀನನ್ನು ಹಿಡಿಯಬಾರದೆಂಬ ಕಟ್ಟುಪಾಡು ಯಾವ ಪ್ರತಿಷ್ಠಾನದ ಹಣದಿಂದಲೂ ಬಂದುದಲ್ಲ, ಭಕ್ತಿಯಿಂದ ಬಂದುದು.

ಈ ಕಾಡಿಗೆ ಹೊರಗಿನ ಹಣ ಬಂದುದೂ ಉಂಟು. 2000ದಲ್ಲಿ ಆರಂಭವಾದ, ಹಲವು ದೇಶಗಳೂ ವಿಶ್ವಬ್ಯಾಂಕೂ ಸೇರಿ ನಡೆಸುವ ಕ್ರಿಟಿಕಲ್ ಇಕೋಸಿಸ್ಟಮ್ ಪಾರ್ಟ್‌ನರ್‌ಷಿಪ್ ಫಂಡ್ ಎಂಬ ನಿಧಿಯು 2008ರಿಂದ ಪಶ್ಚಿಮಘಟ್ಟಕ್ಕೆ ಧನಸಹಾಯವನ್ನು ಕೊಡತೊಡಗಿತು. ಘಟ್ಟವನ್ನು ಐದು ಪಟ್ಟಿಗಳಾಗಿ ವಿಂಗಡಿಸಿದ್ದರಲ್ಲಿ ಮಲೆನಾಡು–ಕೊಡಗಿನ ಪಟ್ಟಿ ಒಂದು. ಅರ್ಜಿಗಳನ್ನು ಆರಿಸುವ ಹೊಣೆಯನ್ನು ಬೆಂಗಳೂರಿನ ಏಟ್ರೀ ಸಂಶೋಧನ ಸಂಸ್ಥೆ ಹೊತ್ತಿತ್ತು. ಸಣ್ಣ ಸಂಸ್ಥೆಗಳಿಗೂ ಸಣ್ಣ ಮೊತ್ತ ತಲುಪುವಂತೆ ಮಾಡಿದ್ದು ಆ ಏರ್ಪಾಡಿನ ವಿಶೇಷ. ಇಂದು ಅದನ್ನೇ ಮತ್ತೆ ಮಾಡುವುದು ಸುಲಭವಲ್ಲ. ವಿದೇಶಿ ಹಣವನ್ನು ಪಡೆದ ಸಂಸ್ಥೆಯು ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸಕೂಡದೆಂದು 2020ರ ಕಾನೂನು ತಿದ್ದುಪಡಿ ನಿರ್ಬಂಧಿಸಿತು. ಆಡಳಿತ ವೆಚ್ಚದ ಮಿತಿಯನ್ನು ನೂರಕ್ಕೆ 50ರಿಂದ 20ಕ್ಕೆ ಇಳಿಸಿದ್ದೂ ಆಗಲೇ. ಹೀಗಾಗಿ ಕೊಪ್ಪದ ಒಂದು ಸಣ್ಣ ಸಂಘವು ದೇಶದೊಳಗಿನ ಹಣವನ್ನೇ ಹೆಚ್ಚಾಗಿ ನಂಬಬೇಕಾಗಿದೆ. ಅಂಥ ಹಣ ಇಲ್ಲವೆಂದಲ್ಲ. ರೋಹಿಣಿ ನಿಲೇಕಣಿಯವರು 2001ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ 'ಅರ್ಘ್ಯಂ' ನೀರಿನ ವಿಷಯಕ್ಕೇ ಮೀಸಲಾಯಿತು. ದೊಡ್ಡ ಕಂಪನಿಗಳು ಲಾಭದ ನೂರಕ್ಕೆ 2 ಪಾಲನ್ನು ಸಮಾಜಕಾರ್ಯಕ್ಕೆ ತೆಗೆದಿಡಬೇಕೆಂಬ 2013ರ ಕಂಪನಿ ಕಾಯಿದೆಯ ಪಟ್ಟಿಯಲ್ಲಿ ಪರಿಸರವೂ ಸೇರಿದೆ. ಆದರೆ ಕಂಪನಿಯ ಹಣಕ್ಕೆ ಒಂದು ದುರಭ್ಯಾಸವುಂಟು. ಅದು ತನ್ನ ಕಾರ್ಖಾನೆಯ ಆಸುಪಾಸಿನಲ್ಲಿಯೇ ಸುಳಿಯುತ್ತದೆ, ಮಾರ್ಚಿ ತಿಂಗಳೊಳಗೆ ಫಲ ಕೇಳುತ್ತದೆ.

ಫಲಕ್ಕೆ ಎಷ್ಟು ಕಾಲ ಬೇಕೆಂಬುದಕ್ಕೆ ನಿದರ್ಶನವನ್ನು ಹುಡುಕಿ ದೂರ ಹೋಗಬೇಕಾಗಿಲ್ಲ, ಶೃಂಗೇರಿಯ ನೆರೆಯ ಆಗುಂಬೆಗೆ ಹೋದರೆ ಸಾಕು. ಹಾವುಗಳ ಪಂಡಿತರಾದ ರಾಮ್ಯುಲಸ್ ವಿಟೇಕರ್ ಅವರಿಗೆ 2005ರಲ್ಲಿ ಇಂಗ್ಲೆಂಡಿನ ವಿಟ್ಲಿ ಪ್ರಶಸ್ತಿ ಲಭಿಸಿತು. ಆ ಹಣದ ನೆರವಿನಿಂದ ಆಗುಂಬೆಯಲ್ಲಿ ಮಳೆಕಾಡಿನ ಸಂಶೋಧನ ಕೇಂದ್ರವೊಂದು ಹುಟ್ಟಿತು. ಕಾಳಿಂಗಸರ್ಪವು ಎಲ್ಲಿ ಅಲೆಯುತ್ತದೆ, ಏನನ್ನು ತಿನ್ನುತ್ತದೆ, ಹೇಗೆ ಗೂಡು ಕಟ್ಟುತ್ತದೆ ಎಂಬುದನ್ನು ಅರಿಯುವುದು ಆ ಕೇಂದ್ರದ ಉದ್ದೇಶ. ಮೊದಲ ವರ್ಷದ ವರದಿಯಲ್ಲಿ ಏನು ಬರೆಯಬಹುದಾಗಿತ್ತು? ಮಳೆ ಬಹಳ ಬಂತು, ಜಿಗಣೆಗಳು ಬಹಳ ಕಚ್ಚಿದುವು, ಹಾವು ಅಪರೂಪಕ್ಕೆ ಕಂಡಿತು ಎಂದಷ್ಟೆ. ಆ ಕೇಂದ್ರದಲ್ಲಿ ಮೊದಲ ವರ್ಷಗಳಲ್ಲಿ ದುಡಿದ ಪಿ. ಗೌರಿಶಂಕರ್ ಅವರು ಮುಂದೆ ಬೇರೆ ಸಂಸ್ಥೆಯನ್ನು ಕಟ್ಟಿದರೂ ಕಾಳಿಂಗದ ಬೆನ್ನು ಬಿಡಲಿಲ್ಲ. 1836ರಿಂದ ಒಂದೇ ಪ್ರಭೇದವೆಂದು ಎಣಿಸಿದ್ದ ಕಾಳಿಂಗಸರ್ಪವು ವಾಸ್ತವವಾಗಿ ನಾಲ್ಕು ಪ್ರಭೇದಗಳೆಂದು ಅವರೂ ಅವರ ಸಂಗಡಿಗರೂ 2024ರಲ್ಲಿ ಪ್ರಕಟಿಸಿದರು. ಪಶ್ಚಿಮಘಟ್ಟದ ಹಾವಿಗೆ ಇಟ್ಟ ಶಾಸ್ತ್ರೀಯ ನಾಮದಲ್ಲಿ 'ಕಾಳಿಂಗ' ಎಂಬ ಕನ್ನಡದ ಮಾತೇ ಸೇರಿಕೊಂಡಿದೆ. 2005ಕ್ಕೂ 2024ಕ್ಕೂ 19 ವರ್ಷ. ಎರಡು ವರ್ಷದ ಫೆಲೋಷಿಪ್ಪಿನವರು ಸಾಲಾಗಿ ಒಂಬತ್ತು ಮಂದಿ ಬಂದು ಹೋಗಿ, ಹತ್ತನೆಯವಳು ಕುರ್ಚಿಯಲ್ಲಿ ಕುಳಿತಿರುವ ಕಾಲವದು. ಮೊದಲನೆಯವನು "ಫಲ ಕಾಣುತ್ತಿಲ್ಲ" ಎಂದು ಕಡತದಲ್ಲಿ ಒಂದು ಸಾಲು ಬರೆದರೂ ಇಂಥ ಕೆಲಸದ ಎಳೆ ತುಂಡಾಗುತ್ತದೆ. ಕಲಿಯುವವರ ಕೈಯಲ್ಲಿ ಇಷ್ಟು ಅಧಿಕಾರವಿರುತ್ತದೆಂಬುದನ್ನು ಅವರಿಗೆ ಯಾರಾದರೂ ಮೊದಲೇ ತಿಳಿಸುವುದು ಒಳ್ಳೆಯದು.

ಕಾಲದ ತೊಡಕು ಒಂದಾದರೆ ಕಪಾಟಿನ ತೊಡಕು ಇನ್ನೊಂದು. ಪ್ರತಿಷ್ಠಾನಗಳಲ್ಲಿ ಪರಿಸರಕ್ಕೆ ಒಂದು ಕಪಾಟು, ಕೃಷಿಗೆ ಒಂದು ಕಪಾಟು, ಆರೋಗ್ಯಕ್ಕೆ ಮತ್ತೊಂದು. ಕೊಪ್ಪ, ಶೃಂಗೇರಿಗಳ ಅಡಿಕೆ ತೋಟಗಳನ್ನು ದಶಕಗಳಿಂದ ಕಾಡುತ್ತಿರುವ ಹಳದಿ ಎಲೆ ರೋಗವನ್ನು ಯಾವ ಕಪಾಟಿನಲ್ಲಿಡುವುದು? ಗರಿ ಹಳದಿಯಾಗಿ, ಕಾಯಿ ಉದುರಿ, ಕೊನೆಗೆ ಮರದ ತಲೆಯೇ ಸೊರಗುವ ಈ ವ್ಯಾಧಿಗೆ ನಿಶ್ಚಿತವಾದ ಮದ್ದು ಇನ್ನೂ ದೊರೆತಿಲ್ಲ. ಇದು ಕೃಷಿಯ ವಿಷಯ, ಕಾಡಿನದಲ್ಲ ಎಂದು ಪರಿಸರದ ಕಪಾಟು ಬಾಗಿಲು ಮುಚ್ಚಿಕೊಂಡೀತು. ಆದರೆ ತೋಟ ಹೋದ ರೈತನು ಮುಂದೇನು ಮಾಡುತ್ತಾನೆ? ಮಕ್ಕಳನ್ನು ಬೆಂಗಳೂರಿಗೆ ಕಳುಹಿಸುತ್ತಾನೆ. ಇಲ್ಲವೆ ಬೇರೆ ಬೆಳೆಗೆಂದು ಬೆಟ್ಟವನ್ನು ಸವರುತ್ತಾನೆ. ತೋಟಕ್ಕಾಗಿಯೇ ಉಳಿದುಕೊಂಡಿದ್ದ ಸೊಪ್ಪಿನಬೆಟ್ಟವನ್ನು ಕಾಯಲು ಆಮೇಲೆ ಯಾರಿಗೂ ಕಾರಣವಿಲ್ಲ. ಮರದ ಜ್ವರ ಕಾಡಿಗೆ ತಗಲುವುದು ಹೀಗೆ. ಇದು ಅರ್ಜಿಯ ನಮೂನೆಯಲ್ಲಿ ಕಾಣುವುದಿಲ್ಲ. ಒಂದು ದಿನ ತೋಟದ ಅಂಚಿನಲ್ಲಿ ಯಜಮಾನರೊಡನೆ ನಡೆದವರಿಗೆ ಮಾತ್ರ ಕಾಣುತ್ತದೆ.

ನರಸಿಂಹರಾಜಪುರದ ಕಡೆಯ ಕಥೆ ಇನ್ನಷ್ಟು ಗೋಜಿನದು. ಅಣೆಕಟ್ಟಿನ ಹಿನ್ನೀರಿನಲ್ಲಿ ಗದ್ದೆ ತೋಟಗಳನ್ನು ಕಳೆದುಕೊಂಡ ನೆನಪು ಆ ಊರಿನ ಹಿರಿಯರಲ್ಲಿದೆ. ಅದರ ನೆರೆಗೇ ಭದ್ರಾ ಅಭಯಾರಣ್ಯ. 1998ರಲ್ಲಿ ಹುಲಿ ಯೋಜನೆಗೆ ಸೇರಿದ ಆ ಕಾಡಿನೊಳಗಿನ ಹಳ್ಳಿಗಳ ಜನರನ್ನು 2001–02ರ ಸುಮಾರಿಗೆ ಲಕ್ಕವಳ್ಳಿಯ ಬಳಿಯ ಎಂ. ಸಿ. ಹಳ್ಳಿಗೂ ಕೆಳಗೂರಿಗೂ ಸ್ಥಳಾಂತರಿಸಿದರು. ದೇಶದಲ್ಲಿ ತಕ್ಕಮಟ್ಟಿಗೆ ಸಮಾಧಾನಕರವಾಗಿ ನಡೆದ ಸ್ಥಳಾಂತರಗಳಲ್ಲಿ ಇದೊಂದೆಂದು ಬಲ್ಲವರು ಬರೆದಿದ್ದಾರೆ. ಜಮೀನು ಕೊಟ್ಟುದು ಸರಕಾರ. ಆದರೆ ರೈತನ ಜೊತೆಗೆ ಕಚೇರಿಯಿಂದ ಕಚೇರಿಗೆ ಓಡಾಡಿ, ಕಾಗದಪತ್ರ ಸರಿಯಾಗುವವರೆಗೆ ಬಿಡದೆ ನಿಂತವರು ಸ್ಥಳೀಯ ಸ್ವಯಂಸೇವಕರು. ಬಸ್ಸಿನ ಖರ್ಚು, ಊಟದ ಖರ್ಚು, ನಕಲು ತೆಗೆಸುವ ಖರ್ಚು, ಇಂಥವುಗಳಿಗೆ ಹಣ ಕೇಳಿ ಅರ್ಜಿ ಬಂದರೆ ಅದಕ್ಕೆ ಎಂಥ ಹೆಸರಿಡುವುದೆಂದು ಕಚೇರಿ ತಡಕಾಡುತ್ತದೆ. ಆಡಳಿತ ವೆಚ್ಚವೆಂದು ಕತ್ತರಿಸಿದರೂ ಕತ್ತರಿಸೀತು. ಹುಲಿಯ ಚಿತ್ರವಿರುವ ಅರ್ಜಿಗೆ ಮಂಜೂರಾತಿ ಬೇಗ ಸಿಗುತ್ತದೆ. ಕುದುರೆಮುಖದ ಗಣಿಯ ವಿಷಯದಲ್ಲೂ ಹಾಗೆಯೇ. 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು 2005ರ ಕೊನೆಗೆ ಗಣಿ ನಿಂತಿತು. ಭದ್ರೆಗೆ ಅದಕ್ಕಿಂತ ದೊಡ್ಡ ಉಪಕಾರ ಇತ್ತೀಚೆಗೆ ಆಗಿಲ್ಲ. ಆದರೆ ವ್ಯಾಜ್ಯದ ಕಾಗದ ಜೋಡಿಸುವ ಕೆಲಸಕ್ಕೆ ಹಣ ಕೊಡಲು ಎಷ್ಟು ಧರ್ಮಸಂಸ್ಥೆಗಳು ಧೈರ್ಯ ಮಾಡುತ್ತವೆ?

ಮೂರನೆಯದು ಭಾಷೆಯ ತೊಡಕು, ಎಲ್ಲಕ್ಕಿಂತ ನೋವಿನದು. ಅರ್ಜಿ ಇಂಗ್ಲಿಷಿನಲ್ಲಿರುತ್ತದೆ. ಕಾನು, ಬ್ಯಾಣ, ಸೊಪ್ಪಿನಬೆಟ್ಟ, ಹಡ್ಲು, ಇವುಗಳಿಗೆಲ್ಲ ಸೇರಿಸಿ ಆ ಭಾಷೆಯಲ್ಲಿ 'ಕಾಡು' 'ಪಾಳು' ಎಂಬ ಎರಡೇ ಮಾತುಗಳು ಸಿಕ್ಕರೂ ಸಿಕ್ಕಾವು. ಹೀಗಾಗಿ ಮಣ್ಣನ್ನು ಬಲ್ಲವನ ಅರ್ಜಿ ಕೆಳಗೂ, ಇಂಗ್ಲಿಷನ್ನು ಬಲ್ಲವನ ಅರ್ಜಿ ಮೇಲೂ ಬರುತ್ತದೆ. ಓದುವ ತರುಣಿಯ ದೋಷವಲ್ಲ ಇದು. ಅವಳು ಓದಿದ ಶಾಲೆಯಲ್ಲಿ ಕಾನು ಎಂಬ ಶಬ್ದವನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಅಮೆರಿಕದಲ್ಲಿಯೂ ಈ ಪ್ರಶ್ನೆ ಇನ್ನೊಂದು ರೂಪದಲ್ಲಿ ಎದ್ದಿತ್ತು. ಮಿಷಿಗನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಿಕೆಯಾಗಿದ್ದ ಡಾರ್ಸಿಟಾ ಟೇಲರ್ ಅವರು 2014ರ ವರದಿಯೊಂದರಲ್ಲಿ ಪರಿಸರ ಸಂಸ್ಥೆಗಳನ್ನೂ ಸರಕಾರಿ ಇಲಾಖೆಗಳನ್ನೂ ಹಣ ಕೊಡುವ ಪ್ರತಿಷ್ಠಾನಗಳನ್ನೂ ಪರಿಶೀಲಿಸಿದರು. ಬಿಳಿಯರಲ್ಲದವರು ಆ ದೇಶದ ಜನಸಂಖ್ಯೆಯಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚಿದ್ದರೂ ಈ ಸಂಸ್ಥೆಗಳಲ್ಲಿ ಅವರ ಪ್ರಮಾಣ ನೂರಕ್ಕೆ 16ನ್ನು ದಾಟಿರಲಿಲ್ಲ. ಮುಂದಿನ ವರ್ಷಗಳಲ್ಲಿ, ಪರಿಸರಕ್ಕೆ ಧನಸಹಾಯ ಮಾಡುವ ಪ್ರತಿಷ್ಠಾನಗಳ ಸಂಘದೊಡನೆ ಸೇರಿ, ವಿದ್ಯಾರ್ಥಿಗಳನ್ನು ಬೇಸಗೆಯಲ್ಲಿ ಆ ಕಚೇರಿಗಳಿಗೇ ಕೆಲಸ ಕಲಿಯಲು ಕಳುಹಿಸುವ ಫೆಲೋಷಿಪ್ ಅಲ್ಲಿ ನಡೆಯತೊಡಗಿತು. ಹೊರಗೆ ನಿಂತು ಕೇಳುವವರ ಮನೆಯವರೇ ಒಳಗೆ ಕುಳಿತು ಓದಲಿ ಎಂಬುದು ಅದರ ಹಿಂದಿನ ತರ್ಕ. ನಮ್ಮಲ್ಲಿ ಬಣ್ಣದ ಬದಲು ಊರು, ಜಾತಿ, ಭಾಷೆಗಳನ್ನಿಟ್ಟು ಎಣಿಸಿ ನೋಡಿದರೆ ಎಂಥ ಉತ್ತರ ಬಂದೀತೆಂಬುದನ್ನು ಊಹಿಸಬಹುದು. ಕೊಪ್ಪದ ಸರಕಾರಿ ಕಾಲೇಜಿನಲ್ಲಿ ಬಿ.ಎಸ್‌ಸಿ. ಓದಿದ ಹುಡುಗಿಗೆ ಹೀಗೊಂದು ಫೆಲೋಷಿಪ್ ಇದೆಯೆಂದು ಮೊದಲು ತಿಳಿಯಬೇಕು. ತಿಳಿದರೂ ಅರ್ಜಿಯ ಇಂಗ್ಲಿಷು ಅವಳನ್ನು ಹೆದರಿಸದಿರಬೇಕು.

ಊರಿನವಳೇ ಆದರೂ ಅಪಾಯವಿಲ್ಲದಿಲ್ಲ. ಹಣ ಕೊಡುವ ಕಚೇರಿಯಿಂದ ಬಂದವರೆಂದರೆ ಮಲೆನಾಡಿನ ಮನೆಗಳಲ್ಲಿ ಬೆಲ್ಲ ನೀರು, ಕಾಫಿ, ಮೇಲೊಂದು ಕಡುಬು, ಕೊನೆಗೆ ಎಲೆಯಡಿಕೆ, ಯಾವುದಕ್ಕೂ ಕೊರತೆಯಾಗುವುದಿಲ್ಲ. ಇಪ್ಪತ್ತೈದರ ಹುಡುಗಿಯ ಮಾತಿಗೆ ಅರವತ್ತೈದರ ಹಿರಿಯರು ತಲೆಯಾಡಿಸುತ್ತಾರೆ. ಅವಳು ಕೇಳಬಯಸಿದುದನ್ನೇ ಹೇಳುತ್ತಾರೆ. ಆ ತಲೆಯಾಟ ತನ್ನ ಬುದ್ಧಿಗೆ ಸಂದುದಲ್ಲ, ತನ್ನ ಹಿಂದಿರುವ ಚೆಕ್ಕಿಗೆ ಸಂದುದೆಂಬುದು ಎಷ್ಟು ಬೇಗ ಹೊಳೆಯುತ್ತದೋ ಅಷ್ಟು ಲೇಸು.

ಎರಡು ವರ್ಷ ತುಂಬಿದ ಮೇಲೆ ಅವಳು ಮುಂದಿನ ಓದಿಗೋ ಬೇರೆ ಉದ್ಯೋಗಕ್ಕೋ ಹೊರಡುತ್ತಾಳೆ. ಮೇಜಿಗೆ ಹೊಸಬರು ಬರುತ್ತಾರೆ. ಅವರ ಕೈಗೆ ಸಿಗುವುದು ಒಂದು ಕಡತ. ಅದರಲ್ಲಿ ಮೊತ್ತ, ಕಂತು, ಲೆಕ್ಕ ಎಲ್ಲ ಕ್ರಮವಾಗಿರುತ್ತವೆ. ಕೆರೆಕಟ್ಟೆಯ ದಾರಿಯಲ್ಲಿ ಯಾರನ್ನು ಮಾತನಾಡಿಸಬೇಕು, ಮಳೆಗಾಲದಲ್ಲಿ ಯಾವ ಹಳ್ಳಿಯಿಂದ ವರದಿ ಬರಲು ತಡವಾಗುತ್ತದೆ, ಯಾವ ಅರ್ಜಿಗೆ "ಇಲ್ಲ" ಎಂದುದು ಈಗಲೂ ಮನಸ್ಸನ್ನು ಕೊರೆಯುತ್ತಿದೆ, ಇಂಥವುಗಳಿಗೆ ನಮೂನೆಯಲ್ಲಿ ಅಂಕಣವಿಲ್ಲ. ಕೆಲವರು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟು ಹೋಗುತ್ತಾರೆ.