ವಿಜ್ಞಾನ ಕಷ್ಟ ಅನ್ನೋರು ಒಮ್ಮೆ ಗಣಿತ ನೋಡಿ

ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಒಂದು ಮಾತಿದೆ: "ಗಣಿತ ಹೆಂಗೋ ಪಾಸಾದ್ರೆ ಸಾಕು, ವಿಜ್ಞಾನ ಬಾಯಿಪಾಠ ಮಾಡ್ಕೋಬಹುದು." ನನ್ನ ಪ್ರಕಾರ ಎಡವಟ್ಟು ಶುರುವಾಗೋದೇ ಇಲ್ಲಿಂದ.

ಹತ್ತನೇ ಕ್ಲಾಸಿನ ಮಸೂರದ ಲೆಕ್ಕ ತಗೊಳ್ಳಿ. ಪೀನ ಮಸೂರದ ಸಂಗಮದೂರ 20 ಸೆಂ.ಮೀ., ವಸ್ತು ಇರೋದು 30 ಸೆಂ.ಮೀ. ದೂರದಲ್ಲಿ. ಬಿಂಬ ಎಲ್ಲಿ? 1/20ರಲ್ಲಿ 1/30 ಕಳೆದ್ರೆ 1/60, ತಿರುಗಿಸಿದ್ರೆ 60 ಸೆಂ.ಮೀ. ಸೂತ್ರ ಬಾಯಿಗೆ ಬಂದಿದ್ರೂ ಭಿನ್ನರಾಶಿ ಕಳೆಯೋಕೆ ಬರದ ಹುಡುಗ ಅಲ್ಲೇ ನಿಲ್ತಾನೆ. ಎಡವಿದ್ದು ಗಣಿತದಲ್ಲಿ, ಮಾರ್ಕ್ಸ್ ಹೋಗಿದ್ದು ವಿಜ್ಞಾನದಲ್ಲಿ!

ಪಿಯುಸಿಯಲ್ಲಿ ಇನ್ನೂ ತಮಾಷೆ. ಮೊದಲ ವರ್ಷದ ಭೌತಶಾಸ್ತ್ರ ಶುರುವಿನಲ್ಲೇ, ಸರಳರೇಖೆಯ ಚಲನೆ ಪಾಠದಲ್ಲೇ, ಡಿಫರೆನ್ಸಿಯೇಶನ್ ಕೇಳುತ್ತೆ. ಗಣಿತದ ಪುಸ್ತಕದಲ್ಲಿ ಅದು ಬರೋದು ಕೊನೆ ಕೊನೆಗೆ. ಅಷ್ಟರಲ್ಲಿ ಕನ್ನಡ ಮೀಡಿಯಂನಿಂದ ಬಂದ ಅರ್ಧ ಕ್ಲಾಸು "ಫಿಸಿಕ್ಸ್ ನಮಗಲ್ಲ" ಅಂತ ತೀರ್ಮಾನ ಮಾಡಿಬಿಟ್ಟಿರುತ್ತೆ.

2007ರಲ್ಲಿ ಅಮೆರಿಕದ ಫಿಲಿಪ್ ಸ್ಯಾಡ್ಲರ್ ಮತ್ತು ರಾಬರ್ಟ್ ಟಾಯ್ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ರು. ಹೈಸ್ಕೂಲಿನಲ್ಲಿ ಹೆಚ್ಚು ಗಣಿತ ಓದಿದವರು ಕಾಲೇಜಿನ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರರಲ್ಲೂ ಮುಂದಿದ್ರು. ಆದ್ರೆ ರಸಾಯನಶಾಸ್ತ್ರ ಹೆಚ್ಚು ಓದಿದ್ದು ಭೌತಶಾಸ್ತ್ರಕ್ಕೇನೂ ನೆರವಾಗಿರಲಿಲ್ಲ. "ಜಾಣರೇ ಗಣಿತ ತಗೋತಾರೆ, ಅದಕ್ಕೇ ಹಾಗೆ" ಅನ್ನಬಹುದು. ಒಪ್ಪೋಣ, ಅಂಥ ಅಧ್ಯಯನ ಕಾರಣವನ್ನ ಸಾಬೀತು ಮಾಡಲ್ಲ. ಆದ್ರೆ ಬರೀ ಜಾಣತನದ ಮಾತಾಗಿದ್ರೆ ರಸಾಯನಶಾಸ್ತ್ರ ಓದಿದ್ದೂ ಕೈ ಹಿಡೀಬೇಕಿತ್ತಲ್ವಾ?

ನಮ್ಮ ಸರ್ಕಾರಿ ಹೈಸ್ಕೂಲುಗಳಲ್ಲಿ ಪಿಸಿಎಂ ಮೇಷ್ಟ್ರು, ಸಿಬಿಝಡ್ ಮೇಷ್ಟ್ರು ಅಂತ ಇಬ್ಬರು. ಎಷ್ಟೋ ಕಡೆ ಗಣಿತ ಒಬ್ಬರದು, ಬೆಳಕು-ವಿದ್ಯುತ್ತು ಸೇರಿ ವಿಜ್ಞಾನವೆಲ್ಲ ಇನ್ನೊಬ್ಬರದು. ಸರಳರೇಖೆಯ ಗ್ರಾಫ್ ಒಬ್ಬರು ಹೇಳಿಕೊಡ್ತಾರೆ, ಓಮ್‌ನ ನಿಯಮದ ಗ್ರಾಫ್ ಇನ್ನೊಬ್ಬರು. ಎರಡೂ ಒಂದೇ ಅಂತ ಮಕ್ಕಳಿಗೆ ಹೇಳೋರು ಯಾರು? ಮಗ್ಗದ ಮನೆಯಲ್ಲಿ ಎಳೆ ಎಣಿಸ್ತಾ ಬೆಳೆದ ಮೊಳಕಾಲ್ಮೂರಿನ ಮಕ್ಕಳಿಗೆ ಲೆಕ್ಕದ ಬುದ್ಧಿ ಇಲ್ಲ ಅಂದ್ರೆ ನಾನಂತೂ ನಂಬಲ್ಲ.

ಇಸ್ರೋದ 'ಪುಷ್ಪಕ್' 2024ರ ಜೂನ್ 23ರಂದು ತಾನೇ ದಾರಿ ಸರಿಮಾಡಿಕೊಂಡು ರನ್‌ವೇ ಮೇಲೆ ಇಳಿದಿದ್ದು ಇದೇ ಚಳ್ಳಕೆರೆಯಲ್ಲಿ. ಆ ದಾರಿಯೆಲ್ಲಾ ಶುದ್ಧ ಗಣಿತ! ಹತ್ತಿರದ ಕುದಾಪುರದಲ್ಲಿ ಐಐಎಸ್ಸಿ ಹೈಸ್ಕೂಲು, ಪಿಯು ಶಿಕ್ಷಕರಿಗೆ ತರಬೇತಿ ಕೊಡುತ್ತೆ. ಅಲ್ಲಿಗೆ ಒಂದು ಶಾಲೆಯ ಇಬ್ಬರು ಮೇಷ್ಟ್ರನ್ನೂ ಒಟ್ಟಿಗೇ ಕಳಿಸಲಿ. ವಾರಕ್ಕೊಂದು ಗಂಟೆ ಇಬ್ಬರೂ ಕೂತು ಮುಂದಿನ ಪಾಠಕ್ಕೆ ಯಾವ ಗಣಿತ ಬೇಕು ಅಂತ ಪಟ್ಟಿ ಮಾಡಲಿ. ಪಿಯು ಭೌತಶಾಸ್ತ್ರದ ಮೊದಲ ಎರಡು ವಾರ ಬರೀ ಗಣಿತ ನಡೀಲಿ.

ಇದಕ್ಕೆ ಹೊಸ ಕಟ್ಟಡ ಬೇಡ, ಬಜೆಟ್ಟೂ ಹೆಚ್ಚು ಬೇಡ. ಇಷ್ಟೂ ಆಗಲ್ವಾ? ನೀವೇನಂತೀರಿ?